ಆಧುನಿಕ ಜಗತ್ತಿನ ಇತಿಹಾಸ: ರಾಯಚೂರು ಜಿಲ್ಲೆಯ ಪ್ರೌಢಶಾಲೆಯಲ್ಲಿ ನಾನು ಕಲಿಸುವ ಕ್ರಮ

ಒಂಬತ್ತನೆಯ ತರಗತಿಯಲ್ಲಿ ಪುನರುಜ್ಜೀವನದಿಂದ ಜರ್ಮನಿಯ ಏಕೀಕರಣದವರೆಗೆ, ಹತ್ತನೆಯದರಲ್ಲಿ ಎರಡು ಮಹಾಯುದ್ಧ, ರಷ್ಯಾ ಮತ್ತು ಚೀನಾದ ಕ್ರಾಂತಿ, ನಾಜಿವಾದ, ಶೀತಲ ಸಮರ. ಇಷ್ಟಕ್ಕೆ ಪುಸ್ತಕದಲ್ಲಿ ಸಿಗುವ ಪುಟಗಳು ಕಡಿಮೆ, ವೇಳಾಪಟ್ಟಿಯಲ್ಲಿ ಸಿಗುವ ಅವಧಿಗಳು ಇನ್ನೂ ಕಡಿಮೆ. ಮನೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುತ್ತಾರೆ. ಬಿಸ್ಮಾರ್ಕ್, ಗ್ಯಾರಿಬಾಲ್ಡಿ, ಫರ್ಡಿನೆಂಡ್ ಎಂಬ ಹೆಸರುಗಳು ಎಲ್ಲರಿಗೂ ಒಂದೇ ಸಮನೆ ಅಪರಿಚಿತ.

ಇವನ್ನು ಹತ್ತಿರ ಮಾಡಲು ಹೋಲಿಕೆ ಕೊಡುವುದು ನಮ್ಮಲ್ಲಿ ರೂಢಿ. ಬಿಸ್ಮಾರ್ಕ್ ಅಂದರೆ ಜರ್ಮನಿಯ ಸರ್ದಾರ್ ಪಟೇಲರು, ಫ್ರಾನ್ಸಿನ ಮೂರನೆಯ ವರ್ಗ (ಪಾದ್ರಿಗಳೂ ಕುಲೀನರೂ ಅಲ್ಲದ ಜನ) ಅಂದರೆ ನಮ್ಮ ಕೂಲಿಕಾರರು, ಹೀಗೆ. ನಾನು ಇದನ್ನು ಮಾಡುವುದಿಲ್ಲ. ಹೋಲಿಕೆ ಕೇಳಿದ ಮಗು ಎರಡನ್ನೂ ಕಲಸಿಕೊಳ್ಳುತ್ತದೆ, ಉತ್ತರ ಪತ್ರಿಕೆಯಲ್ಲಿ ಅದೇ ಕಲಬೆರಕೆ ಬರುತ್ತದೆ. ಅದರ ಬದಲು ಆ ಘಟನೆಯಿಂದ ನಮ್ಮ ಸೀಮೆಗೆ ನಿಜವಾಗಿ ಬಂದು ಮುಟ್ಟಿದ ಎಳೆ ಯಾವುದು ಎಂದು ಹುಡುಕಿ, ಅಲ್ಲಿಂದ ಹಿಂದಕ್ಕೆ ನಡೆಯುತ್ತೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇಂಥ ಎಳೆಗಳು ಬೇಕಾದಷ್ಟಿವೆ.

ಕೈಗಾರಿಕಾ ಕ್ರಾಂತಿಯ ಪಾಠಕ್ಕೆ ಹತ್ತಿಗಿಂತ ಒಳ್ಳೆಯ ಎಳೆ ಇಲ್ಲ. ಹೊಲದಿಂದ ಕಿತ್ತು ತಂದ ಬೀಜ ಸಹಿತ ಹತ್ತಿ ಒಂದು ಕಿಲೋ ಬೇಕು. ಪಾಠ ಮಳೆಗಾಲದಲ್ಲಿ ಬಂದರೆ ಆಗ ಹತ್ತಿ ಸಿಗುವುದಿಲ್ಲ, ಆದ್ದರಿಂದ ಹಿಂದಿನ ಸುಗ್ಗಿಯಲ್ಲೇ ಒಂದು ಚೀಲದಲ್ಲಿ ತೆಗೆದಿಡಬೇಕು. ತಲಾ 20 ಗ್ರಾಂನಂತೆ ಹಂಚಿ, ಹತ್ತು ನಿಮಿಷ ಬರಿಗೈಲಿ ಬೀಜದಿಂದ ಅರಳೆ ಬಿಡಿಸಲು ಹೇಳುತ್ತೇನೆ. ಆಮೇಲೆ ಅರಳೆಯನ್ನಷ್ಟೇ ವಿಜ್ಞಾನ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಬೇಕು. ಒಬ್ಬೊಬ್ಬರ ಲೆಕ್ಕ ಕೆಲವೇ ಗ್ರಾಂಗೆ ನಿಲ್ಲುತ್ತದೆ. ಗಿರಣಿಯಲ್ಲಿ 100 ಕಿಲೋ ಹತ್ತಿಗೆ 33ರಿಂದ 35 ಕಿಲೋ ಅರಳೆ ಬರುತ್ತದೆ ಎನ್ನುವುದು ರೈತರ ಮಕ್ಕಳಿಗೆ ಗೊತ್ತೇ ಇರುತ್ತದೆ, ಅದನ್ನು ಅವರಿಂದಲೇ ಹೇಳಿಸಬೇಕು. ಈಗ ನಮ್ಮ ಎರೆ ಹೊಲಗಳಲ್ಲಿ ಬೆಳೆಯುವ ಬಿಟಿ ಹತ್ತಿ ಬಹುಪಾಲು ಅಮೆರಿಕದ ಜಾತಿಯದೇ, ಅದರ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ಅಂದರೆ ಅಮೆರಿಕದ ತೋಟದ ಗುಲಾಮರಿಗೆ ಎದುರಾದ ಕಷ್ಟವೇ ಮಕ್ಕಳ ಬೆರಳಿಗೂ ಎದುರಾಗುತ್ತದೆ. ಔಷಧಿ ಹೊಡೆದ ಹತ್ತಿಯಾದ್ದರಿಂದ ಕೊನೆಗೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯುವಂತೆ ನೋಡಿಕೊಳ್ಳಿ.

ಇಷ್ಟಾದ ಮೇಲೆ ಕರಿಹಲಗೆಯ ಮೇಲೆ ನಾಲ್ಕು ಸಾಲು ಸಾಕು. 1793ರಲ್ಲಿ ಎಲಿ ವಿಟ್ನಿಯ, ಬೀಜದಿಂದ ಅರಳೆ ಬಿಡಿಸುವ ಯಂತ್ರ ಬಂತು. 1790ರಲ್ಲಿ ಅಮೆರಿಕದಲ್ಲಿದ್ದ ಗುಲಾಮರು ಸುಮಾರು 7 ಲಕ್ಷ. 1860ರಲ್ಲಿ ಸುಮಾರು 40 ಲಕ್ಷ. ‘ಯಂತ್ರ ಬಂದರೆ ಕೆಲಸ ಕಡಿಮೆಯಾಗಬೇಕಲ್ಲ, ಗುಲಾಮರು ಯಾಕೆ ಹೆಚ್ಚಾದರು?’ ಎಂದು ಕೇಳಿ ಸುಮ್ಮನೆ ನಿಲ್ಲಬೇಕು. ಅರಳೆ ಬಿಡಿಸುವ ಕೆಲಸ ಹಗುರವಾದಂತೆ ಬೆಳೆಯುವ ಭೂಮಿ ಹಿಗ್ಗಿತು, ಬೆಳೆಯುವುದಕ್ಕೂ ಕೀಳುವುದಕ್ಕೂ ಯಂತ್ರ ಇರಲಿಲ್ಲ ಎಂಬ ಉತ್ತರ ಹೊಲ ಬಲ್ಲ ಮಕ್ಕಳಿಂದಲೇ ಬರುತ್ತದೆ. ಹೊಲದಲ್ಲಿ ಹತ್ತಿ ಕೀಳಲು ಕೂಲಿ ಸಿಗದ ವರ್ಷದ ಪರದಾಟ ಅವರು ಮನೆಯಲ್ಲಿ ಕಂಡದ್ದೇ. ಜೆನ್ನಿ, ಜಲಚೌಕಟ್ಟು, ಮ್ಯೂಲ್ ಎಂಬ ನೂಲುವ ಯಂತ್ರಗಳು ಮತ್ತು ಉಗಿಯಂತ್ರದ ಪಟ್ಟಿ ಇದರ ನಂತರ ಬರಬೇಕು. ಮೊದಲೇ ಬಂದರೆ ಅದು ಬರೀ ಬಾಯಿಪಾಠ.

ಅಲ್ಲಿಂದ 1861ಕ್ಕೆ. ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಅಮೆರಿಕದ್ದು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಇಂಗ್ಲೆಂಡಿನ ಲ್ಯಾಂಕಷೈರಿನ ಗಿರಣಿ ನಿಂತವು, ಮುಂಬಯಿ ಪೇಟೆಯಲ್ಲಿ ಭಾರತದ ಹತ್ತಿಯ ದರ ಹಲವು ಪಟ್ಟು ಏರಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಕುಸಿಯಿತು. ಹತ್ತಿಯನ್ನು ಬಂದರಿಗೆ ಸಾಗಿಸಬೇಕೆಂಬ ಒತ್ತಾಯವೂ ರೈಲು ಹಾಕಿಸಿದ ಕಾರಣಗಳಲ್ಲಿ ಒಂದು. ಮುಂಬಯಿ ಕಡೆಯಿಂದ ಬಂದ ಹಳಿ ಮತ್ತು ಮದರಾಸಿನ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಐದು ವರ್ಷ ಕಳೆಯುವಷ್ಟರಲ್ಲಿ 1876–78ರ ಬರ ಬಂತು. ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಆ ಬರದ ಕಾಲದಲ್ಲೂ ಭಾರತದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಹಳಿ ಇದ್ದರೆ ಧಾನ್ಯ ಬರುತ್ತದೆಯೋ ಹೋಗುತ್ತದೆಯೋ ಎಂಬ ಪ್ರಶ್ನೆಗೆ ಪೂರ್ತಿ ಒಂದು ಅವಧಿ ಕೊಟ್ಟರೂ ನಷ್ಟವಿಲ್ಲ.

ಕಾಲರೇಖೆ ಇಲ್ಲದೆ ಇವು ಯಾವುವೂ ನಿಲ್ಲುವುದಿಲ್ಲ. ಕೋಣೆಯ ಹಿಂದಿನ ಗೋಡೆಗೆ ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ 1450ರಿಂದ 2000ದವರೆಗೆ ಐದೂವರೆ ಮೀಟರ್ ಉದ್ದದ ಕಾಗದದ ಪಟ್ಟಿ ಅಂಟಿಸುತ್ತೇನೆ. ಹಳೆಯ ಕ್ಯಾಲೆಂಡರುಗಳ ಬಿಳಿ ಹಿಂಬದಿ ಸಾಕು. ಮೇಲಿನ ಸಾಲಿನಲ್ಲಿ ಜಗತ್ತು, ಕೆಳಗಿನ ಸಾಲಿನಲ್ಲಿ ನಮ್ಮ ಸೀಮೆ. 1517ರಲ್ಲಿ ಜರ್ಮನಿಯ ಮತಸುಧಾರಕ ಲೂಥರ್, ಅದರಿಂದ ಮೂರು ಸೆಂಟಿಮೀಟರ್ ಆಚೆ 1520ರ ರಾಯಚೂರು ಕದನ. ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ ಆ ಕದನದಲ್ಲಿ ಕ್ರಿಸ್ಟೋವಾವ್ ಡಿ ಫಿಗೆರೆಡೊ ಎಂಬವನ ಜೊತೆ ಬಂದ ಪೋರ್ಚುಗೀಸ್ ಬಂದೂಕುಧಾರಿಗಳು ಇದ್ದರು, ಅದನ್ನು ಬರೆದಿಟ್ಟವನು ಪೋರ್ಚುಗೀಸ್ ಪ್ರವಾಸಿ ನೂನಿಜ್. ಭೌಗೋಳಿಕ ಅನ್ವೇಷಣೆಗಳ ಪಾಠದ ಎಳೆ ಇದೇ. ಪೋರ್ಚುಗೀಸರು ಬಂದು ಮುಟ್ಟಿದ್ದು 1498ರಲ್ಲಿ ಕಲ್ಲಿಕೋಟೆ, 1510ರಲ್ಲಿ ಗೋವಾ, 1520ರಲ್ಲಿ ರಾಯಚೂರು ಕೋಟೆಯ ಗೋಡೆಯ ಬುಡ.

ಅಂಗಡಿಯಲ್ಲಿ ಸಿಗುವ ಚಾರ್ಟುಗಳಲ್ಲಿ ಘಟನೆಗಳನ್ನು ಸಮಾನ ಅಂತರದಲ್ಲಿ ಬರೆದಿರುತ್ತಾರೆ. ಅವುಗಳನ್ನು ಬಳಸಬೇಡಿ. 1492ರಿಂದ 1776ರವರೆಗಿನ ಅಂತರ, 1914ರಿಂದ 1917ರವರೆಗಿನ ಅಂತರ ಎರಡೂ ಮಗುವಿನ ಕಣ್ಣಿಗೆ ಒಂದೇ ಆಗಿಬಿಡುತ್ತದೆ. ಅಳತೆಯ ರೇಖೆಗೂ ಒಂದು ತೊಡಕಿದೆ: 1914ರಿಂದ 1945ರವರೆಗೆ 31 ಸೆಂಟಿಮೀಟರಿನಲ್ಲಿ ಏನೂ ಹಿಡಿಸುವುದಿಲ್ಲ. ಆ ಭಾಗಕ್ಕೆ ಕೆಳಗೆ ಬೇರೆ ಪಟ್ಟಿ, ವರ್ಷಕ್ಕೆ ಹತ್ತು ಸೆಂಟಿಮೀಟರ್, ಒಟ್ಟು ಮೂರು ಮೀಟರಿಗೆ ತುಸು ಹೆಚ್ಚು. ಅಲ್ಲೇ ರಷ್ಯಾದ ತಿಂಗಳ ಗೊಂದಲವನ್ನೂ ಬಿಡಿಸಬೇಕು. ಅಕ್ಟೋಬರ್ ಕ್ರಾಂತಿ ನಮ್ಮ ಕ್ಯಾಲೆಂಡರಿನಲ್ಲಿ 1917ರ ನವೆಂಬರ್ 7. ರಷ್ಯಾದ ಹಳೆಯ ಪಂಚಾಂಗ 13 ದಿನ ಹಿಂದಿತ್ತು, 1918ರ ಫೆಬ್ರವರಿಯಲ್ಲಿ ಬದಲಾಯಿತು.

ಫ್ರೆಂಚ್ ಕ್ರಾಂತಿಗೆ ಮತದಾನದ ಚಟುವಟಿಕೆ ಅನೇಕರು ಮಾಡಿಸುತ್ತಾರೆ. ನಲವತ್ತು ಮಕ್ಕಳಿದ್ದರೆ ಒಂದು ಚೀಟಿ ಪಾದ್ರಿ, ಒಂದು ಶ್ರೀಮಂತ ಕುಲೀನ, ಉಳಿದ 38 ಮೂರನೆಯ ವರ್ಗ. ‘ಎಲ್ಲರೂ ತೆರಿಗೆ ಕೊಡಬೇಕೇ?’ ಎಂಬ ಪ್ರಶ್ನೆಗೆ ವರ್ಗಕ್ಕೊಂದು ಮತ ಹಾಕಿಸಿದರೆ ಎರಡಕ್ಕೆ ಒಂದರಂತೆ ಬೇಡ ಎಂದು ತೀರ್ಮಾನ. ತಲೆಗೊಂದು ಮತ ಹಾಕಿಸಿದರೆ ತಿರುವುಮುರುವು. ಮತ ವರ್ಗಕ್ಕೊಂದೋ ತಲೆಗೊಂದೋ ಎಂದು ಫ್ರಾನ್ಸಿನ ಪ್ರತಿನಿಧಿ ಸಭೆಯಲ್ಲಿ ನಡೆದ 1789ರ ಮೇ, ಜೂನ್ ತಿಂಗಳ ಜಗಳ ಇಷ್ಟರಲ್ಲೇ ಅರ್ಥವಾಗುತ್ತದೆ. ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಮೂರನೆಯ ವರ್ಗ ಅಂದರೆ ಬಡವರು ಎಂದು ಮಕ್ಕಳು ತಿಳಿಯುತ್ತಾರೆ. ಅದಕ್ಕೇ ಆ 38 ಚೀಟಿಗಳಲ್ಲಿ ಐದರಲ್ಲಿ ‘ವಕೀಲ, ವರ್ತಕ’, ಐದರಲ್ಲಿ ‘ಪಟ್ಟಣದ ಕೂಲಿ’, 28ರಲ್ಲಿ ‘ರೈತ’ ಎಂದು ಬರೆಯುತ್ತೇನೆ. ಸಭೆಯಲ್ಲಿ ಮಾತಾಡಲು ವಕೀಲರಿಗಷ್ಟೇ ಅವಕಾಶ, ಏಕೆಂದರೆ ಪ್ರತಿನಿಧಿಗಳಾಗಿ ಹೋದವರಲ್ಲಿ ವಕೀಲರದೇ ಮೇಲುಗೈ. ಎರಡನೆಯದು ಇದಕ್ಕಿಂತ ಮುಖ್ಯ. ಪಾತ್ರ ಹಂಚುವುದು ಚೀಟಿ ಎತ್ತಿಯೇ ಆಗಬೇಕು, ಶಿಕ್ಷಕರು ಹೆಸರು ಹೇಳಿ ಹಂಚಬಾರದು. ಊರಲ್ಲಿ ಯಾರು ಯಾವ ಓಣಿಯವರು ಎಂಬುದು ತರಗತಿಯೊಳಗೂ ಬಂದು ಕೂತಿರುತ್ತದೆ. ಮೇಲು ಕೀಳಿನ ಪಾತ್ರವನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ಅದೇ ಸಾಲಿನಲ್ಲಿ ಹಂಚಿದರೆ ಒಂದು ಮಗುವಿಗೆ ಆಗುವ ಗಾಯ ಯಾವ ಪಾಠಕ್ಕೂ ಸಮವಲ್ಲ.

ಮೊದಲ ಮಹಾಯುದ್ಧಕ್ಕೆ ನೆಲದ ಮೇಲೆ ನಕಾಶೆ. ಅಟ್ಲಾಸಿನಲ್ಲಿರುವ ಯುರೋಪಿನ ನಕಾಶೆಯ ಮೇಲೆ 16 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರಕ್ಕೆ ಒಂದೊಂದು ಸೆಂ.ಮೀ. ಚೌಕ ಎಳೆದುಕೊಂಡು, ಮೈದಾನದಲ್ಲಿ ಸುತಳಿ ಕಟ್ಟಿ ಪ್ರತಿ ಚೌಕವನ್ನು ಅರ್ಧ ಮೀಟರಿಗೆ ಹಿಗ್ಗಿಸಿದರೆ ಎಂಟು ಮೀಟರ್, ಆರು ಮೀಟರಿನ ಯುರೋಪ್ ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಬೀಸುವ ಗಾಳಿಗೆ ರಂಗೋಲಿ ಪುಡಿ ಒಂದು ತಾಸೂ ನಿಲ್ಲದು. ಒಂದು ಕಿಲೋ ಸುಣ್ಣವನ್ನು ಮೂರು ಲೀಟರ್ ನೀರಿನಲ್ಲಿ ಕದಡಿ, ಬಣ್ಣ ಬಳಿಯುವ ಬ್ರಶ್ಶಿನಿಂದ ಎಳೆಯುವುದೇ ಸರಿ. ಗಡಿಗಳು 1914ರವು ಆಗಿರಬೇಕು. ಇಂದಿನ ಗಡಿ ಹಾಕಿದರೆ ಆಸ್ಟ್ರಿಯಾ-ಹಂಗೇರಿಯ ಜಾಗದಲ್ಲಿ ಪುಟ್ಟ ಆಸ್ಟ್ರಿಯಾ ಕಂಡು ಪಾಠವೇ ಕೆಡುತ್ತದೆ. ಸರ್ಬಿಯಾದಲ್ಲಿ ಒಬ್ಬ ಹುಡುಗ ನಿಂತರೆ ಜಾಗ ಮುಗಿಯಿತು, ಹಾಗಾಗಿ ಬಾಲ್ಕನ್ ಭಾಗವನ್ನು ಪಕ್ಕದಲ್ಲಿ ದೊಡ್ಡದಾಗಿ ಇನ್ನೊಮ್ಮೆ ಬರೆಯಬೇಕು.

ಮಕ್ಕಳು ದೇಶಗಳಲ್ಲಿ ನಿಂತು ಹಗ್ಗ ಹಿಡಿಯುತ್ತಾರೆ. 1882ರ ತ್ರಿಮೈತ್ರಿಗೆ (ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಇಟಲಿ) ಒಂದು ಬಣ್ಣದ ಹಗ್ಗ. 1894ರ ಫ್ರಾನ್ಸ್–ರಷ್ಯಾ, 1904ರ ಬ್ರಿಟನ್–ಫ್ರಾನ್ಸ್, 1907ರ ಬ್ರಿಟನ್–ರಷ್ಯಾ ಒಪ್ಪಂದಗಳಿಗೆ ಇನ್ನೊಂದು ಬಣ್ಣ. ರಷ್ಯಾದ ಬೆಂಬಲವಿದ್ದ ಸರ್ಬಿಯಾವನ್ನು ಎಳೆದರೆ ಎಲ್ಲರೂ ಎಳೆಯಲ್ಪಡುತ್ತಾರೆ, ಮಕ್ಕಳಿಗೆ ಖುಷಿ. ಈ ಚಟುವಟಿಕೆಯ ದೋಷ ಇರುವುದೂ ಅಲ್ಲೇ: ಯುದ್ಧ ತನ್ನಷ್ಟಕ್ಕೆ ತಾನೇ ಆಗಿಹೋಯಿತು ಎನಿಸುತ್ತದೆ. ಅದಕ್ಕೆ ಹಗ್ಗ ಎಳೆಯುವ ಮುನ್ನ ಜುಲೈ ತಿಂಗಳನ್ನು ದಿನಾಂಕ ಹಿಡಿದು ನಡೆಸುತ್ತೇನೆ. ಜೂನ್ 28ರಂದು ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜ ಫರ್ಡಿನೆಂಡನ ಕೊಲೆ, ಜುಲೈ 5ರಂದು ಆಸ್ಟ್ರಿಯಾಕ್ಕೆ ಜರ್ಮನಿಯ ಬೆಂಬಲದ ಮಾತು, 23ರಂದು ಸರ್ಬಿಯಾಕ್ಕೆ ಅಂತಿಮ ಎಚ್ಚರಿಕೆ, 28ರಂದು ಯುದ್ಧ ಘೋಷಣೆ, 30ರಂದು ರಷ್ಯಾದ ಸೇನೆ ಜಮಾವಣೆಯ ಆದೇಶ, ಆಗಸ್ಟ್ 1ರಂದು ರಷ್ಯಾದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಜರ್ಮನಿಯ ಯುದ್ಧ ಘೋಷಣೆ, 4ರಂದು ಜರ್ಮನಿಯ ಮೇಲೆ ಬ್ರಿಟನ್ನಿನದು. ಪ್ರತಿ ದಿನಾಂಕಕ್ಕೂ ‘ಇಲ್ಲಿ ಇನ್ನೇನು ಮಾಡಬಹುದಿತ್ತು?’ ಎಂದು ಆ ದೇಶದಲ್ಲಿ ನಿಂತ ಮಗುವನ್ನು ಕೇಳಬೇಕು. ಇಟಲಿಯ ಮಗು 1914ರಲ್ಲಿ ಹಗ್ಗ ಕೆಳಗಿಟ್ಟು ದೂರ ನಿಲ್ಲುತ್ತದೆ, 1915ರಲ್ಲಿ ಎದುರು ಪಕ್ಷದ ಹಗ್ಗ ಹಿಡಿಯುತ್ತದೆ. ಹಗ್ಗ ಬಿಡಲೂ ಬರುತ್ತದೆ ಎಂದು ಅಲ್ಲಿ ಎಲ್ಲರಿಗೂ ಕಾಣುತ್ತದೆ.

ಈ ಯುದ್ಧದ ಎಳೆ ಬಳ್ಳಾರಿಗೆ ಬಂದು ಮುಟ್ಟುತ್ತದೆ. ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇರಿಸಿದ ಶಿಬಿರಗಳಲ್ಲಿ ಬಳ್ಳಾರಿಯೂ ಒಂದು. 1920ರ ಸೆವ್ರ್ ಒಪ್ಪಂದ ತುರ್ಕಿ ಸಾಮ್ರಾಜ್ಯವನ್ನು ಹರಿದು ಹಂಚಿತು, ಭಾರತದಲ್ಲಿ ತುರ್ಕಿಯ ಖಲೀಫನ ಪರವಾದ ಖಿಲಾಫತ್ ಚಳವಳಿ ಬಲಗೊಂಡಿತು, 1921ರ ಆಗಸ್ಟ್‌ನಲ್ಲಿ ಮಲಬಾರಿನಲ್ಲಿ ದಂಗೆ ಎದ್ದಿತು. ನವೆಂಬರ್‌ನಲ್ಲಿ ತಿರೂರಿನಿಂದ ಸುಮಾರು ನೂರು ಕೈದಿಗಳನ್ನು ಮುಚ್ಚಿದ ಗೂಡ್ಸ್ ಡಬ್ಬಿಯಲ್ಲಿ ತುಂಬಿ ಬಳ್ಳಾರಿ ಜೈಲಿಗೆ ಕಳಿಸಿದರು. ಕೊಯಮತ್ತೂರಿನ ಹತ್ತಿರದ ಪೊದನೂರಿನಲ್ಲಿ ಬಾಗಿಲು ತೆರೆದಾಗ ಉಸಿರುಕಟ್ಟಿ ಸತ್ತವರು ಒಳಗಿದ್ದರು. ಕೊನೆಗೆ ಸಾವಿನ ಲೆಕ್ಕ ಸುಮಾರು 70ಕ್ಕೆ ಮುಟ್ಟಿತು. ಸರಯೇವೊದಿಂದ ಬಳ್ಳಾರಿ ಜೈಲಿನವರೆಗೆ ಆರು ಕಾರ್ಡು ಮಾಡಿ, ಕಲಸಿ ಕೊಟ್ಟು, ಜೋಡಿಸಲು ಹೇಳುತ್ತೇನೆ. ಎರಡು ಕಾರ್ಡುಗಳ ನಡುವೆ ‘ಆದ್ದರಿಂದ’ ಬರುತ್ತದೆಯೋ, ಬರೀ ‘ಆಮೇಲೆ’ ಬರುತ್ತದೆಯೋ ಎಂದು ಅವರೇ ಬರೆಯಬೇಕು. ಮಲಬಾರಿನ ಕಾರ್ಡಿನಲ್ಲಿ ಖಿಲಾಫತ್ ಒಂದನ್ನೇ ಬರೆದು ಬಿಡಬಾರದು. ಗೇಣಿದಾರರ ಸಿಟ್ಟು, ಬ್ರಿಟಿಷರ ದಮನ, ಹಿಂದೂಗಳ ಮೇಲೆ ನಡೆದ ಹಿಂಸೆ ಮೂರನ್ನೂ ಹೇಳಬೇಕು. ಒಂದನ್ನು ನುಂಗಿದರೂ ಮಕ್ಕಳು ಮನೆಯಲ್ಲಿ ಕೇಳಿದ ಅರ್ಧ ಕಥೆಯೇ ಗೆಲ್ಲುತ್ತದೆ.

ಹತ್ತನೆಯ ತರಗತಿಯಲ್ಲಿ ನಾನು ಹೆಚ್ಚು ಸಮಯ ಕೊಡುವುದು ಜರ್ಮನಿಗೆ, ಪೂರ್ತಿ ಮೂರು ಅವಧಿ. ಹಿಟ್ಲರನನ್ನು ಗಟ್ಟಿ ನಾಯಕ ಎಂದು ಹೊಗಳುವ ವಿಡಿಯೋ ತುಣುಕುಗಳನ್ನು ಮಕ್ಕಳು ಮೊಬೈಲಿನಲ್ಲಿ ನೋಡಿರುತ್ತಾರೆ. ಅದಕ್ಕೆ ಭಾಷಣದಿಂದ ಉತ್ತರ ಕೊಟ್ಟು ಪ್ರಯೋಜನವಿಲ್ಲ, ಗ್ರಾಫ್ ಹಾಳೆ ಕೊಡಬೇಕು. ನಾಜಿ ಪಕ್ಷಕ್ಕೆ ಬಿದ್ದ ಮತ 1928ರಲ್ಲಿ ಶೇ. 2.6, 1930ರಲ್ಲಿ 18.3, 1932ರ ಜುಲೈನಲ್ಲಿ 37.3, ನವೆಂಬರ್‌ನಲ್ಲಿ 33.1, 1933ರ ಮಾರ್ಚ್‌ನಲ್ಲಿ 43.9. ಅದೇ ಹಾಳೆಯಲ್ಲಿ ನಿರುದ್ಯೋಗಿಗಳು: 1928ರಲ್ಲಿ ಸುಮಾರು 14 ಲಕ್ಷ, 1930ರಲ್ಲಿ 31 ಲಕ್ಷ, 1932ರಲ್ಲಿ 56 ಲಕ್ಷ. ಗೆರೆ ಎಳೆದಾದ ಮೇಲೆ ಮೂರು ಪ್ರಶ್ನೆ. ಯಾವಾಗಲಾದರೂ ಅರ್ಧಕ್ಕಿಂತ ಹೆಚ್ಚು ಮತ ಬಂತೇ? ಮತ ಇಳಿದದ್ದು ಯಾವಾಗ? ಇಳಿದ ಮೇಲೂ 1933ರ ಜನವರಿ 30ರಂದು ಅವನು ಚಾನ್ಸಲರ್ ಆದದ್ದು ಹೇಗೆ? ‘ಜನರೇ ಆರಿಸಿದರು’ ಎಂಬ ಮಾತು ಅಪೂರ್ಣ, ಅಧ್ಯಕ್ಷ ಹಿಂಡೆನ್‌ಬರ್ಗ್ ನೇಮಿಸಿದ ಎಂಬುದು ಆಗ ತಾನಾಗಿ ಹೊರಬರುತ್ತದೆ. 1923ರ ಹಣದುಬ್ಬರವನ್ನೂ 1929ರ ನಂತರದ ನಿರುದ್ಯೋಗವನ್ನೂ ಮಕ್ಕಳು ಒಂದೇ ಮಾಡುತ್ತಾರೆ. ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆದದ್ದು 1923ರ ನವೆಂಬರ್‌ನಲ್ಲಿ, ಆರು ವರ್ಷ ಮೊದಲು. ಕಾಲರೇಖೆಯ ದೊಡ್ಡ ಪಟ್ಟಿಯಲ್ಲಿ 60 ಸೆಂಟಿಮೀಟರ್ ಅಂತರ ತೋರಿಸಿ.

ಯಹೂದಿಗಳ ಹತ್ಯೆಯನ್ನು ನಾಟಕ ಮಾಡಿಸಬೇಡಿ, ಯಾರನ್ನೂ ಆ ಪಾತ್ರದಲ್ಲಿ ನಿಲ್ಲಿಸಬೇಡಿ. 1935ರ ನ್ಯೂರೆಂಬರ್ಗ್ ಕಾನೂನು, 1938ರ ನವೆಂಬರ್‌ನಲ್ಲಿ ಅಂಗಡಿ ಮತ್ತು ಪ್ರಾರ್ಥನಾ ಮಂದಿರಗಳ ಮೇಲಿನ ದಾಳಿ, ಆಮೇಲೆ ಶಿಬಿರಗಳು, 60 ಲಕ್ಷ ಜನರ ಸಾವು. ಕ್ರಮವಾಗಿ ಓದಿ, ಪ್ರಶ್ನೆಗೆ ಸಮಯ ಬಿಟ್ಟರೆ ಸಾಕು.

ಎರಡನೆಯ ಮಹಾಯುದ್ಧದ ಕದನಗಳನ್ನು ನಾನು ಬೇಗ ದಾಟುತ್ತೇನೆ. ವಿಶ್ವಸಂಸ್ಥೆಗೆ ಬಂದಾಗ ಮತ್ತೆ ನಮ್ಮ ಎಳೆ ಸಿಗುತ್ತದೆ. 1948ರಲ್ಲಿ ಹೈದರಾಬಾದಿನ ನಿಜಾಮ ಸರ್ಕಾರ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಒಯ್ದಿತ್ತು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 16ಕ್ಕೆ ಪ್ಯಾರಿಸ್‌ನಲ್ಲಿ ಮಂಡಳಿ ಸೇರಿತು, 17ಕ್ಕೆ ಶರಣಾಗತಿ. ಅದೇ ದಿನಗಳಲ್ಲಿ ಸೋವಿಯತ್ ಒಕ್ಕೂಟ ಹಾಕಿದ ಬರ್ಲಿನ್ ದಿಗ್ಬಂಧನವೂ ನಡೆದಿತ್ತು. ಆಗ ನಿಜಾಮನ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳದ ಮಕ್ಕಳ ಮನೆಗಳಲ್ಲಿ ನಿಜಾಮನ ಪರವಿದ್ದ ರಜಾಕಾರರ ಕಾಲದ ಮಾತು ಇನ್ನೂ ಇದೆ. ಬಳ್ಳಾರಿಯ ಮನೆಗಳಲ್ಲಿ ಅದು ಬೇರೆ ರೀತಿಯದು, ಏಕೆಂದರೆ ಬಳ್ಳಾರಿ ಆಗ ಮದರಾಸ್ ಪ್ರಾಂತದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅಜ್ಜ ಅಜ್ಜಿಯರನ್ನು ಕೇಳಲು ಮೂರೇ ಪ್ರಶ್ನೆ ಕೊಡಿ: ಆಗ ನಿಮ್ಮ ವಯಸ್ಸೆಷ್ಟು, ನೀವೇ ಕಂಡದ್ದೇನು, ಬೇರೆಯವರಿಂದ ಕೇಳಿದ್ದೇನು. ಕೊನೆಯ ಎರಡನ್ನು ಬೇರೆ ಬೇರೆ ಪುಟದಲ್ಲಿ ಬರೆಸುವುದೇ ಇದರ ಜೀವಾಳ.

ಪರೀಕ್ಷೆಯ ಉತ್ತರಕ್ಕೆ ಬೇರೆ ತಯಾರಿ ಬೇಕಾಗಿಲ್ಲ. ಕಾರ್ಡು ಜೋಡಿಸಿದ ಮಗು ಮೊದಲು ಹತ್ತು ವಾಕ್ಯ ಬರೆಯಲಿ. ಆಮೇಲೆ ದೂರದ ಕಾರಣ, ಹತ್ತಿರದ ಕಾರಣ, ತಕ್ಷಣದ ಕಾರಣ ಎಂದು ಮೂರು ಬಣ್ಣದ ಪೆನ್ಸಿಲಿನಲ್ಲಿ ಗುರುತಿಸಿ, ಬಣ್ಣಕ್ಕೆ ಎರಡು ಅಂಶದಂತೆ ಆರಕ್ಕೆ ಇಳಿಸಲಿ. ಮೊದಲೇ ಆರು ಅಂಶ ಬರೆಸಿದವರಿಗೆ ಪ್ರಶ್ನೆಯನ್ನು ತುಸು ತಿರುಗಿಸಿ ಕೇಳಿದರೆ ಕೈ ಓಡುವುದಿಲ್ಲ. ಮಾರ್ಚಿನ ಪುನರಾವರ್ತನೆಗೆ ಗೋಡೆಯ ಪಟ್ಟಿಯ ಮೇಲಿನ ಬರಹವನ್ನು ಬಿಳಿ ಕಾಗದದಿಂದ ಮುಚ್ಚಿ, ಇಸವಿಗಳನ್ನಷ್ಟೇ ಬಿಟ್ಟು, ಒಬ್ಬೊಬ್ಬರಿಂದ ಒಂದೊಂದು ತುಂಡು ತುಂಬಿಸಿ.