ಮೀನಿನ ಉದ್ದ ಅಳೆದೇ ಸ್ಟಾಕ್ ಲೆಕ್ಕ ಹಾಕಿದ್ದು: ನನ್ನ ಅನುಭವ

ಮೀನಿನ ವಯಸ್ಸು ಗೊತ್ತಿಲ್ಲದೆ ಸ್ಟಾಕ್ (ಕಡಲಲ್ಲಿರುವ ಆ ಜಾತಿಯ ಮೀನಿನ ಸಂಗ್ರಹ) ಬಗ್ಗೆ ಬಾಯಿ ಬಿಡಬಾರದು ಎಂದವರೇ ಹೆಚ್ಚು. ಬರೀ ಉದ್ದದ ಮೇಲೆ ಎಲ್‌ಬಿ-ಎಸ್‌ಪಿಆರ್ ಮಾಡೆಲ್ ಓಡಿಸಿದಾಗ ಎಸ್‌ಪಿಆರ್ (ಮೀನುಗಾರಿಕೆಯೇ ಇಲ್ಲದಿದ್ದರೆ ಇರುತ್ತಿದ್ದ ಮೊಟ್ಟೆಯಿಡುವ ಶಕ್ತಿಯಲ್ಲಿ ಈಗ ಉಳಿದಿರುವ ಪಾಲು) 0.25ರ ಆಸುಪಾಸು ಬಂತು. ಆಮೇಲೆ ವಯಸ್ಸಿಗಾಗಿ ಒಟೊಲಿತ್ (ಕಿವಿಯೊಳಗಿನ ಕಲ್ಲು) ಓದಿಸಿ, ಕ್ಯಾಚ್ ಕರ್ವ್ (ವಯಸ್ಸಿನೊಂದಿಗೆ ಮೀನಿನ ಎಣಿಕೆ ಇಳಿಯುವ ರೇಖೆ) ಹಾಕಿ, ಅದರ ಸಾವಿನ ದರದಿಂದ ಎಸ್‌ಪಿಆರ್ ತೆಗೆದರೆ ಅದೂ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಂತಿತು. ಈಗ ಅವರೇ ನನ್ನ ಲೆಕ್ಕದ ಹಾಳೆ ಕೇಳುತ್ತಿದ್ದಾರೆ.

ಕೈಕೊಡುವುದು ಮಾಡೆಲ್ ಅಲ್ಲ, ಸ್ಯಾಂಪಲ್. ದಕ್ಕೆಗೆ ಇಳಿಯುವ ಹೊತ್ತಿಗೇ ಮೀನು ಗಾತ್ರದ ಪ್ರಕಾರ ಗ್ರೇಡ್ ಆಗಿ, ದೊಡ್ಡವು ಬೇರೆ ದಾರಿ ಹಿಡಿದಿರುತ್ತವೆ. ಉಳಿದ ಬುಟ್ಟಿ ಅಳೆದರೆ ಎಸ್‌ಪಿಆರ್ ಸುಮ್ಮನೆ ನೆಲ ಕಚ್ಚುತ್ತದೆ. ಪ್ರತಿ ಗ್ರೇಡ್‌ನಿಂದ 50–60 ಮೀನು, ಅವುಗಳ ತೂಕ, ಆ ಗ್ರೇಡ್‌ನ ಒಟ್ಟು ತೂಕ, ಮೂರೂ ಒಂದೇ ಹಾಳೆಯಲ್ಲಿರಬೇಕು. ಒಟ್ಟು ತೂಕವನ್ನು ಅಳೆದ ಮೀನಿನ ತೂಕದಿಂದ ಭಾಗಿಸಿ, ಬಂದದ್ದನ್ನು ಪ್ರತಿ ಸೆಂ.ಮೀ. ಗುಂಪಿನ ಎಣಿಕೆಗೆ ಗುಣಿಸಿದ ಮೇಲೆಯೇ ಗ್ರೇಡ್‌ಗಳನ್ನು ಕೂಡಿಸಿದೆ. ಗಿಲ್‌ನೆಟ್ ಮೀನು ಸೇರಿಸಲೇ ಇಲ್ಲ. ಆ ಬಲೆ ದೊಡ್ಡ ಮೀನನ್ನು ಹಿಡಿಯದೆ ಬಿಡುತ್ತದೆ, ಮಾಡೆಲ್ ಅದು ಸತ್ತಿದೆ ಎಂದು ಓದುತ್ತದೆ.

ಇನ್ನೊಂದು ಗುಂಡಿ ಎಲ್-ಇನ್ಫಿನಿಟಿ, ಅಂದರೆ ಮೀನು ಬೆಳೆಯುತ್ತಲೇ ಹೋದರೆ ಸರಾಸರಿ ಮುಟ್ಟುವ ಕೊನೆಯ ಉದ್ದ. ದೊಡ್ಡ ಮೀನೇ ಉಳಿಯದ ಸ್ಟಾಕ್‌ನ ಉದ್ದಗಳಿಂದ ಅದನ್ನು ತೆಗೆದರೆ ಗಿಡ್ಡ ಬರುತ್ತದೆ, ಸ್ಟಾಕ್ ಗುಂಡುಕಲ್ಲಿನಂತೆ ಕಾಣುತ್ತದೆ. ನಾನು ಹಿಡಿದದ್ದು ಮೀನುಗಾರಿಕೆ ಹಗುರವಿದ್ದ ಕಾಲದ ಹಳೆಯ ಅಳತೆ. ಅದನ್ನು 5% ಏರಿಸಿ, ಇಳಿಸಿ, ಎಂ/ಕೆ (ಸಹಜ ಸಾವಿನ ದರಕ್ಕೂ ಬೆಳವಣಿಗೆಯ ದರಕ್ಕೂ ಇರುವ ಅನುಪಾತ) 1.2ರಿಂದ 1.8ರವರೆಗೆ ಬದಲಿಸಿದರೆ ಉತ್ತರ 0.2ರ ಕೆಳಗಿನಿಂದ 0.35ರ ಹತ್ತಿರದವರೆಗೆ ಓಲಾಡುತ್ತದೆ. ಗುರಿಯ 0.4 ಮಾತ್ರ ಒಮ್ಮೆಯೂ ಮುಟ್ಟಲಿಲ್ಲ. ನನಗೆ ಅಷ್ಟು ಸಾಕಿತ್ತು.

ದುಡ್ಡು ಕರಗುವುದು ಮೀನು ಪ್ರೌಢವೇ ಎಂದು ನೋಡಲು ಹೊಟ್ಟೆ ಸೀಳುವಲ್ಲಿ. ಅಳೆಯಲು ಬಿಡುವ ವ್ಯಾಪಾರಿ ಸೀಳಿದ ಮೀನು ವಾಪಸ್ ತಗೊಳ್ಳುವುದಿಲ್ಲ. ಖರ್ಚಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಅರ್ಧ ಮೀನು ಪ್ರೌಢವಾಗುವ ಉದ್ದದ ಎರಡೂ ಪಕ್ಕದಲ್ಲಿ ಹೆಚ್ಚು ಕೊಂಡು, ತೀರಾ ಸಣ್ಣದು, ತೀರಾ ದೊಡ್ಡದು ನಾಲ್ಕಾರಕ್ಕೆ ನಿಲ್ಲಿಸಿದರೆ ಉಳಿತಾಯ. ಅದೂ ಮೊಟ್ಟೆ ಕಾಲದಲ್ಲಿ ಮಾತ್ರ. ಆಮೇಲೆ ವಿಶ್ರಾಂತಿಯ ಅಂಡಾಶಯವೂ ಎಳೆಯದೂ ಒಂದೇ ಥರ ಕಾಣುತ್ತವೆ. ಆದರೂ ಅಂಡಾಶಯದ ಗೋಡೆ ದಪ್ಪವಿದ್ದು ಜೋತುಬಿದ್ದಿದ್ದರೆ, ಒಳಗೆ ಕಂದು ಕಲೆಯಿದ್ದರೆ ಅದು ಮೊಟ್ಟೆಯಿಟ್ಟ ಮೀನು.

ನಡುವೆ ಒಂದು ಪಕ್ಕದ ಪ್ರಯೋಗ: ಫಿಲೆಟ್ ಮಾಡುವಲ್ಲಿ ಎಸೆಯುವ ತಲೆಗಳು. ಕೈತಪ್ಪುವ ದೊಡ್ಡ ಮೀನೆಲ್ಲ ಅಲ್ಲೇ ಬಂದು ಬೀಳುತ್ತದೆ, ತಲೆ ಪುಕ್ಕಟೆ. ಇಡೀ ಮೀನುಗಳಲ್ಲಿ ತಲೆಯುದ್ದಕ್ಕೂ ಒಟ್ಟು ಉದ್ದಕ್ಕೂ ರಿಗ್ರೆಶನ್ (ಒಂದರಿಂದ ಇನ್ನೊಂದನ್ನು ಅಂದಾಜಿಸುವ ಸೂತ್ರ) ಹಾಕಿಟ್ಟುಕೊಂಡರೆ ತಲೆಯಿಂದಲೇ ಮೀನಿನ ಉದ್ದ ಎರಡು ಸೆಂ.ಮೀ. ವ್ಯತ್ಯಾಸದೊಳಗೆ ಸಿಗುತ್ತದೆ. ರಾಶಿ ಯಾವ ದೋಣಿಯದು ಎಂದು ಪತ್ತೆ ಮಾಡುವ ಉಪಾಯ ಸದ್ಯ ನನ್ನಲ್ಲೇ ಇರಲಿ. ಚೂರಿ ಕಿವಿರು ಮುಚ್ಚಳದ ಅಂಚನ್ನೇ ಕತ್ತರಿಸಿದ್ದರೆ ಮೇಲ್ದವಡೆ ಅಳೆಯಿರಿ, ಅದಕ್ಕೆ ಬೇರೆಯೇ ರಿಗ್ರೆಶನ್ ಬೇಕು.