ಕರೆಂಟ್ ಇಲ್ಲವೆಂದು ಅಳೆದೇ ನಂಬಬೇಕು: ಅಕ್ಕಿ ಗಿರಣಿಯೊಂದರಲ್ಲಿ ಡ್ರೈವ್ ಪ್ಯಾನೆಲ್ ಕೂರಿಸಿದ ನನ್ನ ಅನುಭವ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಗಿರಣಿಗಳಲ್ಲಿ ಮೋಟರ್ ನಿಯಂತ್ರಣದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕೂರಿಸಿ ಚಾಲನೆಗೆ ತರುವುದು ನನ್ನ ಕಸುಬು. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತವನ್ನು ಅರೆಯುವ ಹರಿಹರ, ಮಲೇಬೆನ್ನೂರು ಕಡೆಯ ಅಕ್ಕಿ ಗಿರಣಿಗಳಲ್ಲಿಯೂ ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಗಳಲ್ಲಿಯೂ ಹಿಂದೆ ಇದ್ದದ್ದು ಮೋಟರನ್ನು ಎರಡು ಹಂತಗಳಲ್ಲಿ ಹೊರಡಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳು. ಈಗ ಅವುಗಳ ಜಾಗಕ್ಕೆ ಮೋಟರ್ ವೇಗವನ್ನು ಬದಲಿಸುವ ವಿಎಫ್‌ಡಿ ಡ್ರೈವ್‌ಗಳೂ ಯಂತ್ರಗಳ ಇಡೀ ಸಾಲನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಪಿಎಲ್‌ಸಿ ಎಂಬ ಚಿಕ್ಕ ಕಂಪ್ಯೂಟರ್‌ಗಳೂ ಬರುತ್ತಿವೆ. ಹಳೆಯ ಸ್ಟಾರ್ಟರ್ ಪೆಟ್ಟಿಗೆಗೆ ಬರುವ ಮೇನ್ ಇಳಿಸಿದರೆ ಒಳಗೆ ಕರೆಂಟ್ ಉಳಿಯುವ ಸಾಧ್ಯತೆ ಕಡಿಮೆಯಿತ್ತು. ಹೊಸ ಪ್ಯಾನೆಲ್‌ಗಳಲ್ಲಿ ಆ ಭರವಸೆಗೆ ಆಧಾರವಿಲ್ಲ. ಮೇನ್ ಇಳಿದ ಮೇಲೂ ಒಳಗೆ ಜೀವ ತೆಗೆಯುವಷ್ಟು ವೋಲ್ಟೇಜ್ ಇರಬಹುದು, ಹೊರಗಿನಿಂದ ಬೇರೆ ದಾರಿಯಲ್ಲಿ ಬರಬಹುದು, ನಿಂತ ಯಂತ್ರ ತಾನಾಗಿಯೇ ಹೊರಡಲೂಬಹುದು. ಮಲೇಬೆನ್ನೂರು ಕಡೆಯ ಒಂದು ಗಿರಣಿಯಲ್ಲಿ ಭತ್ತದ ಎಲಿವೇಟರ್, ಪಾಲಿಷರ್ ಮತ್ತು ಹೊಟ್ಟಿನ ಬ್ಲೋವರ್‌ಗಳಿಗೆ ಡ್ರೈವ್ ಪ್ಯಾನೆಲ್ ಕೂರಿಸಿದ ಕೆಲಸವನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕೆಲಸ ಶುರುವಾಗುವುದು ಜಾಗ ನೋಡುವುದರಿಂದ. ಆಪರೇಟರ್‌ನ ಕಣ್ಣಿಗೆ ಬೀಳುವಂತೆ ಪಾಲಿಷರ್ ಪಕ್ಕದಲ್ಲೇ ಪ್ಯಾನೆಲ್ ನಿಲ್ಲಬೇಕೆಂಬುದು ಮಾಲೀಕರ ಬಯಕೆಯಾಗಿತ್ತು. ನಾನು ಅದಕ್ಕೆ ಒಪ್ಪಲಿಲ್ಲ. ಹೊಟ್ಟಿನ ಧೂಳು ಒಣ ಧೂಳಾದರೂ ತೌಡಿನಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಡ್ರೈವ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್ ರೆಕ್ಕೆಗಳಿಗೆ ಅಂಟಿಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಅಲ್ಲದೆ ಗಾಳಿಯಲ್ಲಿ ದಟ್ಟವಾಗಿ ತೇಲುವ ಧಾನ್ಯದ ಧೂಳು ಒಂದು ಕಿಡಿಗೆ ಸ್ಫೋಟಿಸಬಲ್ಲದು. ಪ್ಯಾನೆಲ್ ಒಳಗೆ ಕರೆಂಟ್ ಕೂಡಿಸಿ ಕಡಿಯುವ ಕಾಂಟ್ಯಾಕ್ಟರ್ ಎಂಬ ಸ್ವಿಚ್ ಕೂಡಿ ಬಿಡುವಾಗಲೆಲ್ಲ ಕಿಡಿ ಹುಟ್ಟುತ್ತದೆಂಬುದನ್ನು ನೆನೆದರೆ ಅದನ್ನು ಎಲ್ಲಿ ಇಡಬಾರದೆಂಬುದು ತಾನಾಗಿ ತಿಳಿಯುತ್ತದೆ. ಹಾಗಾಗಿ ಇಟ್ಟಿಗೆ ಗೋಡೆಯ ಪ್ರತ್ಯೇಕ ಕೋಣೆಯಲ್ಲಿ ಪ್ಯಾನೆಲ್ ಇಟ್ಟು, ಪಾಲಿಷರ್ ಬಳಿ ಗುಂಡಿಗಳಿರುವ ಚಿಕ್ಕ ಪೆಟ್ಟಿಗೆಯನ್ನು ಮಾತ್ರ ಕೊಟ್ಟೆ. ಬಿಸಿಯ ಲೆಕ್ಕವನ್ನೂ ಮೊದಲೇ ಮಾಡಬೇಕು. 22 ಕಿಲೋವ್ಯಾಟ್‌ನ ಡ್ರೈವ್ ಪೂರ್ಣ ಹೊರೆಯಲ್ಲಿ ತನ್ನೊಳಗೇ ಸುಮಾರು 600 ವ್ಯಾಟ್‌ಗೂ ಹೆಚ್ಚು ಶಾಖವನ್ನು ಹೊರಹಾಕುತ್ತದೆ, ಮತ್ತು ಬಹುತೇಕ ಡ್ರೈವ್‌ಗಳ ಪೂರ್ಣ ಸಾಮರ್ಥ್ಯವನ್ನು ಹೇಳುವುದು ಸುತ್ತಲಿನ ಗಾಳಿ 40 ಡಿಗ್ರಿ ಇರುವವರೆಗೆ ಮಾತ್ರ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಡ್ರೈವ್‌ನ ಮೇಲೆ ಕೆಳಗೆ ಕನಿಷ್ಠ 100 ಮಿಲಿಮೀಟರ್ ಖಾಲಿ ಜಾಗ ಬಿಟ್ಟು ನೆಟ್ಟಗೆ ನಿಲ್ಲಿಸಿ, ಫಿಲ್ಟರ್ ಇರುವ ಫ್ಯಾನ್ ಹಾಕಿ, ಸುಗ್ಗಿಯ ಕಾಲದಲ್ಲಿ ಆ ಫಿಲ್ಟರ್ ಅನ್ನು ವಾರಕ್ಕೊಮ್ಮೆ ತೊಳೆಯಬೇಕೆಂದು ಬಾಗಿಲ ಮೇಲೆ ಕನ್ನಡದಲ್ಲಿ ಬರೆಸಿದೆ.

ಸಾಗಿಸುವಾಗ ಪ್ಯಾನೆಲ್ ನಿಂತೇ ಇರಬೇಕು, ಎತ್ತುವಾಗ ಹಗ್ಗ ಮೇಲಿನ ಕೊಂಡಿಗಳಿಗೇ ಬೀಳಬೇಕು. ಇದನ್ನು ಹಮಾಲರಿಗೆ ಮೊದಲೇ ಹೇಳಿದರೆ ಅವರು ನಮಗಿಂತ ಜೋಪಾನವಾಗಿ ಇಳಿಸುತ್ತಾರೆ. ಪಿಎಲ್‌ಸಿ ಕಾರ್ಡ್‌ಗಳ ವಿಷಯ ಬೇರೆ. ಫೆಬ್ರವರಿಯಿಂದ ಮುಂಗಾರಿನವರೆಗೆ ನಮ್ಮ ಕಡೆಯ ಒಣ ಹವೆಯಲ್ಲಿ ಮೈಮೇಲೆ ಸ್ಥಾಯೀ ವಿದ್ಯುತ್ ಸುಲಭವಾಗಿ ಸೇರಿಕೊಳ್ಳುತ್ತದೆ, ನಮಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಕಾರ್ಡ್‌ನ ಚಿಪ್ಪನ್ನು ಕೆಡಿಸುತ್ತದೆ. ಕಾರ್ಡನ್ನು ಅದರ ಚೀಲದಿಂದ ತೆಗೆಯುವ ಮೊದಲು ಅರ್ಥ್‌ಗೆ ಕೂಡಿಸಿದ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಅಂಚುಗಳನ್ನು ಮಾತ್ರ ಹಿಡಿಯುತ್ತೇನೆ. ಕರೆಂಟ್ ಇರುವ ಪ್ಯಾನೆಲ್ ಬಳಿ ಆ ಪಟ್ಟಿಯನ್ನು ಬಿಚ್ಚಿಡುತ್ತೇನೆ. ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು: ಕೇಬಲ್‌ಗಳು ಒಳಬರುವ ತಗಡಾದ ಗ್ಲ್ಯಾಂಡ್ ಪ್ಲೇಟಿಗೆ ತೂತು ಕೊರೆಯುವಾಗ ಅದನ್ನು ಪ್ಯಾನೆಲ್‌ನಿಂದ ಬಿಚ್ಚಿ ಹೊರಗೆ ತಂದೇ ಕೊರೆಯಬೇಕು. ಅದು ಆಗದಿದ್ದರೆ ಡ್ರೈವ್‌ಗಳ ಬಾಯಿಗೆ ಹಾಳೆ ಮುಚ್ಚಿ ಕೊರೆದು, ಕಬ್ಬಿಣದ ಚೂರನ್ನೆಲ್ಲ ಹೀರಿ ತೆಗೆದು, ಕರೆಂಟ್ ಕೊಡುವ ಮುನ್ನ ಹಾಳೆಯನ್ನೂ ತೆಗೆಯಬೇಕು.

ಇನ್ನು ಕರೆಂಟ್ ತೆಗೆಯುವ ವಿಷಯ. ಆ ಗಿರಣಿಯ ವೈರ್‌ಮನ್ ವಯಸ್ಸಿನಲ್ಲಿ ಹಿರಿಯರು, ಕೈಗೆಲಸದಲ್ಲಿ ಪಳಗಿದವರು. "ಮೇನ್ ಇಳಿಸೇನ್ರೀ ಸರ್, ಇನ್ನು ಮುಟ್ಬಹುದು" ಎಂದರು. "ಅಣ್ಣಾ, ಒಂದೆರಡು ನಿಮಿಷ ಇಲ್ಲೇ ನಿಲ್ಲೋಣ, ಮೀಟರ್ ಹಚ್ಚಿ ನೋಡೋಣ" ಎಂದೆ. ಕರೆಂಟ್ ಹಂಚುವ ಲೋಹದ ಪಟ್ಟಿಗಳಾದ ಬಸ್‌ಬಾರ್‌ಗೆ ಮೀಟರ್ ಹಚ್ಚಿದಾಗ ಸೊನ್ನೆ ತೋರಿಸಿತು. ಸ್ವಲ್ಪ ಹೊತ್ತಿಗೆ ಹಿಂದಿನ ಶೆಡ್‌ನಲ್ಲಿ ಡೀಸೆಲ್ ಜನರೇಟರ್ ತಾನಾಗಿ ಹೊರಟು, ಮೀಟರ್ 400 ವೋಲ್ಟ್ ದಾಟಿತು. ಬೆಸ್ಕಾಂ ಕರೆಂಟ್ ಹೋದ ಕೂಡಲೇ ಜನರೇಟರ್ ಎಬ್ಬಿಸುವ ಎಎಂಎಫ್ ಪ್ಯಾನೆಲ್ ಅಲ್ಲಿದೆಯೆಂದು ನಾನು ಮೊದಲೇ ನೋಡಿದ್ದೆ. ಅದಕ್ಕೆ ನಾವು ಮೇನ್ ಇಳಿಸಿದ್ದೂ ಕರೆಂಟ್ ಹೋದದ್ದೂ ಒಂದೇ. ಅಂದರೆ ಅಂಥ ಗಿರಣಿಯಲ್ಲಿ ಮೇನ್ ಇಳಿಸುವ ಕ್ರಿಯೆಯೇ ಬಸ್‌ಬಾರಿಗೆ ಮತ್ತೆ ಕರೆಂಟ್ ತರುತ್ತದೆ. ಆ ಹಿರಿಯರು ಅಂದಿನಿಂದ ಜನರೇಟರಿನ ಸೆಲೆಕ್ಟರನ್ನು ಆಫ್‌ಗೆ ತಿರುಗಿಸಿ, ಅದರ ಬ್ರೇಕರನ್ನೂ ಇಳಿಸಿದ ಮೇಲೆಯೇ ಮೇನ್ ಮುಟ್ಟುತ್ತಿದ್ದರು.

ಹೀಗೆ ಕರೆಂಟ್ ಬರಬಹುದಾದ ದಾರಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಒಂದೊಂದನ್ನೇ ಮುಚ್ಚುವುದು ನನ್ನ ಪದ್ಧತಿ. ಚಾವಣಿಯ ಮೇಲೆ ಸೋಲಾರ್ ಇದ್ದರೆ, ಗ್ರಿಡ್ ಇಲ್ಲದಾಗ ಅದರ ಇನ್ವರ್ಟರ್ ನಿಲ್ಲುತ್ತದೆಂಬುದು ನಿಜವೇ, ಆದರೆ ಫಲಕಗಳಿಂದ ಇಳಿದು ಬರುವ ಡಿಸಿ ಕೇಬಲ್‌ಗಳಲ್ಲಿ ಬೆಳಕಿರುವಷ್ಟು ಹೊತ್ತೂ ವೋಲ್ಟೇಜ್ ಇರುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪ್ಯಾಸಿಟರ್ ಬ್ಯಾಂಕ್ ಮೇನ್ ಇಳಿದ ಮೇಲೂ ಕೆಲ ನಿಮಿಷ ಚಾರ್ಜ್ ಹಿಡಿದಿರುತ್ತದೆ, ಅದರ ಡಿಸ್ಚಾರ್ಜ್ ರೆಸಿಸ್ಟರ್ ಸುಟ್ಟುಹೋಗಿದ್ದರೆ ಇನ್ನೂ ಬಹಳ ಹೊತ್ತು. ಎಲ್ಲಕ್ಕಿಂತ ಕಣ್ತಪ್ಪುವುದು ಒಂದು ಯಂತ್ರದ ಓಟವನ್ನು ಇನ್ನೊಂದಕ್ಕೆ ಕಟ್ಟಿಹಾಕುವ ಇಂಟರ್‌ಲಾಕ್ ತಂತಿಗಳು: ಬಾಯ್ಲರ್ ಪ್ಯಾನೆಲ್‌ನಿಂದಲೋ ಬೇರೆ ಯಾವುದೋ ಪ್ಯಾನೆಲ್‌ನಿಂದಲೋ ನಮ್ಮ ಪ್ಯಾನೆಲ್‌ಗೆ ಬರುವ ಆ ತಂತಿಗಳು ನಮ್ಮ ಮೇನ್ ಇಳಿಸಿದರೂ ಕರೆಂಟ್‌ನಲ್ಲೇ ಇರುತ್ತವೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ಇಂಥ ತಂತಿಗಳಿಗೆ ಕಿತ್ತಳೆ ಬಣ್ಣವನ್ನು ಸೂಚಿಸಿದೆ; ನಾನು ಅದನ್ನು ತಪ್ಪದೆ ಪಾಲಿಸುತ್ತೇನೆ. ಕಂಬ ಹತ್ತುವ ಲೈನ್‌ಮನ್ ಎಲ್‌ಸಿ, ಅಂದರೆ ಲೈನ್ ಕ್ಲಿಯರ್ ಅನುಮತಿ, ತೆಗೆದುಕೊಳ್ಳದೆ ಲೈನ್ ಮುಟ್ಟಬಾರದೆಂಬ ನಿಯಮವಿರುವ ಹಾಗೆಯೇ ಗಿರಣಿಯೊಳಗೂ ಇರಬೇಕು. ಇಳಿಸಿದ ಪ್ರತಿ ಸ್ವಿಚ್‌ಗೆ ಬೀಗ ಹಾಕಿ, "ಕೆಲಸ ನಡೆಯುತ್ತಿದೆ, ಸ್ವಿಚ್ ಹಾಕಬೇಡಿ" ಎಂಬ ಫಲಕ ತೂಗಿಸಿ, ಕೀಲಿಯನ್ನು ಕೆಲಸ ಮಾಡುವವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಸ್ವಿಚ್ ಬಳಿ ಒಬ್ಬ ಹುಡುಗನನ್ನು ನಿಲ್ಲಿಸುವುದು ಬೀಗಕ್ಕೆ ಬದಲಾಗುವುದಿಲ್ಲ. ಅವನನ್ನು ಯಾರೋ ಬೇರೆ ಕೆಲಸಕ್ಕೆ ಕರೆದೇ ಕರೆಯುತ್ತಾರೆ.

ಬೀಗ ಬಿದ್ದ ಮೇಲೂ ಅಳೆಯದೆ ಕೈ ಹಾಕುವಂತಿಲ್ಲ. ನಿಯಾನ್ ಟೆಸ್ಟರನ್ನು ಈ ಕೆಲಸಕ್ಕೆ ನಾನು ನಂಬುವುದಿಲ್ಲ, ಏಕೆಂದರೆ ಅದು ಬೆಳಗದಿರಲು ಕರೆಂಟ್ ಇಲ್ಲದಿರುವುದೊಂದೇ ಕಾರಣವಲ್ಲ. ಕ್ಯಾಟ್ 3 ಸುರಕ್ಷತಾ ದರ್ಜೆಯ ಮಲ್ಟಿಮೀಟರನ್ನು ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಕಡೆ ಹಚ್ಚಿ ನೋಡಿ, ಅನಂತರ ಕೆಲಸದ ಜಾಗದಲ್ಲಿ ಮೂರು ಫೇಸ್‌ಗಳ ನಡುವೆಯೂ ಪ್ರತಿ ಫೇಸ್‌ನಿಂದ ನ್ಯೂಟ್ರಲ್‌ಗೂ ಅರ್ಥ್‌ಗೂ ಅಳೆದು, ಮತ್ತೆ ಕರೆಂಟ್ ಇರುವ ಕಡೆ ಹಚ್ಚಿ ಮೀಟರ್ ಸರಿಯಿದೆಯೆಂದು ಖಚಿತಪಡಿಸಿಕೊಳ್ಳುತ್ತೇನೆ. ಡ್ರೈವ್ ಒಳಗಿನದು ಇನ್ನೊಂದು ಅಳತೆ. 415 ವೋಲ್ಟ್ ಎಸಿಯನ್ನು ಅದು ಸುಮಾರು 590 ವೋಲ್ಟ್ ಡಿಸಿಯಾಗಿ ಮಾಡಿ ಕೆಪ್ಯಾಸಿಟರ್‌ಗಳಲ್ಲಿ ತುಂಬಿಕೊಂಡಿರುತ್ತದೆ. ಮೇನ್ ಇಳಿಸಿ ಡಿಸ್ಪ್ಲೇ ಆರಿದರೂ ಆ ಚಾರ್ಜ್ ಉಳಿದಿರುತ್ತದೆ. ತಯಾರಕರು ಮುಚ್ಚಳದ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷ, ಕಾಯಬೇಕು. ಕಾದ ಬಳಿಕ ಡಿಸಿ ಪ್ಲಸ್ ಮತ್ತು ಮೈನಸ್ ಟರ್ಮಿನಲ್‌ಗಳ ನಡುವೆ ಡಿಸಿ ರೇಂಜ್‌ನಲ್ಲಿ ಅಳೆದು 50 ವೋಲ್ಟ್‌ಗಿಂತ ಸಾಕಷ್ಟು ಕೆಳಗೆ ಇಳಿದಿರುವುದನ್ನು ಕಂಡ ಮೇಲೆಯೇ ನಾನು ಸ್ಕ್ರೂಡ್ರೈವರ್ ತೆಗೆಯುವುದು.

ಅರ್ಥಿಂಗ್ ಬಗ್ಗೆ ನಮ್ಮ ಭಾಗದ ಮಣ್ಣನ್ನು ಬಿಟ್ಟು ಮಾತಾಡಲಾಗದು. ದಾವಣಗೆರೆಯ ಎರೆಭೂಮಿ ಮಳೆಗಾಲದಲ್ಲಿ ತೇವ ಹಿಡಿದು ಒಳ್ಳೆಯ ಅಳತೆ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಎಲೆಕ್ಟ್ರೋಡ್‌ನ ಸುತ್ತ ಸಡಿಲವಾಗುತ್ತದೆ. ಚಿತ್ರದುರ್ಗದ ಕಡೆ ಸ್ವಲ್ಪ ಅಗೆದರೆ ಬಂಡೆ. ಆದ್ದರಿಂದ ಅರ್ಥ್ ಪಿಟ್‌ನ ರೋಧವನ್ನು ಆಗಸ್ಟ್‌ನಲ್ಲಿ ಅಳೆದು ಸಮಾಧಾನಪಡದೆ ಏಪ್ರಿಲ್‌ನಲ್ಲಿ ಅಳೆಯಬೇಕೆಂದು ಮಾಲೀಕರಿಗೆ ಹೇಳುತ್ತೇನೆ. ಮೋಟರ್‌ನ ಮೈಗೆ ಎರಡು ಬೇರೆ ಬೇರೆ ಅರ್ಥ್ ಸಂಪರ್ಕಗಳಿರಬೇಕೆಂಬುದು ನಮ್ಮ ದೇಶದ ನಿಯಮ. ಡ್ರೈವ್ ಬಂದ ಮೇಲೆ ಅದು ಇನ್ನೂ ಮುಖ್ಯ, ಏಕೆಂದರೆ ಯಾವ ದೋಷವೂ ಇಲ್ಲದಾಗಲೂ ಡ್ರೈವ್‌ನಿಂದ ಅರ್ಥ್ ತಂತಿಗೆ ಸ್ವಲ್ಪ ಕರೆಂಟ್ ಸೋರುತ್ತಲೇ ಇರುತ್ತದೆ; ಆ ತಂತಿ ಕಡಿದರೆ ಪ್ಯಾನೆಲ್‌ನ ಮೈಯೇ ಅಪಾಯವಾಗುತ್ತದೆ. 10 ಚದರ ಮಿಲಿಮೀಟರ್‌ಗಿಂತ ಕಡಿಮೆಯ ತಾಮ್ರದ ಅರ್ಥ್ ತಂತಿಯನ್ನು ನಾನು ಡ್ರೈವ್ ಪ್ಯಾನೆಲ್‌ಗೆ ಎಳೆಯುವುದಿಲ್ಲ.

ತಂತಿ ಕೂಡಿಸುವಾಗ ಬರುವ ಕರೆಂಟ್ ಆರ್, ಎಸ್, ಟಿ ಟರ್ಮಿನಲ್‌ಗಳಿಗೆ, ಮೋಟರ್‌ಗೆ ಹೋಗುವುದು ಯು, ವಿ, ಡಬ್ಲ್ಯು ಟರ್ಮಿನಲ್‌ಗಳಿಂದ. ಇದು ಅದಲುಬದಲಾದರೆ ಮೇನ್ ಹಾಕಿದ ಕ್ಷಣವೇ ಡ್ರೈವ್ ಸುಟ್ಟುಹೋಗುತ್ತದೆ. ಹಳೆಯ ಮೋಟರ್‌ಗಳ ಬಳಿ ಕೂರಿಸಿದ್ದ ಕೆಪ್ಯಾಸಿಟರ್‌ಗಳನ್ನು ಹುಡುಕಿ ತೆಗೆಸಬೇಕು, ಡ್ರೈವ್‌ನ ಹೊರದಾರಿಯಲ್ಲಿ ಅವು ಇರಕೂಡದು. ಮೋಟರ್ ವೈಂಡಿಂಗ್‌ಗೆ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಹಚ್ಚುವಾಗ ಕೇಬಲನ್ನು ಡ್ರೈವ್‌ನಿಂದ ಬಿಚ್ಚಲೇಬೇಕು, ಇಲ್ಲದಿದ್ದರೆ ಮೆಗ್ಗರ್‌ನ 500 ವೋಲ್ಟ್ ಡ್ರೈವ್‌ನ ಒಳಕ್ಕೇ ಹೋಗುತ್ತದೆ. ಸೆನ್ಸರ್ ತಂತಿಗಳನ್ನು ಮೋಟರ್ ಕೇಬಲ್‌ಗಳಿಂದ ದೂರವಾಗಿ ಬೇರೆ ಟ್ರೇನಲ್ಲಿ ಎಳೆದು, ದಾಟಲೇಬೇಕಾದ ಕಡೆ ನೇರ ಅಡ್ಡವಾಗಿ ದಾಟಿಸಿದೆ.

ಯಂತ್ರ ತಾನಾಗಿ ಹೊರಡುವ ಅಪಾಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವಂಥದ್ದು. ಎಲಿವೇಟರ್‌ನ ತಳದ ಗುಂಡಿಯಲ್ಲಿ ಭತ್ತ ಕಟ್ಟಿಕೊಂಡರೆ ಕೆಲಸಗಾರರು ಕೈ ಹಾಕಿ ಬಿಡಿಸುತ್ತಾರೆ, ಅದೂ ಕರೆಂಟ್ ಹೋದ ಹೊತ್ತಿನಲ್ಲಿ, ಯಂತ್ರ ಹೇಗೂ ನಿಂತಿದೆಯೆಂದು. ಆ ಹೊತ್ತಿಗೆ ಕರೆಂಟ್ ಬಂದರೆ ಬಕೆಟ್‌ಗಳು ಚಲಿಸಕೂಡದು. ಇದಕ್ಕೆ ಡ್ರೈವ್‌ನ ಆಟೋ ರೀಸ್ಟಾರ್ಟ್ ಪ್ಯಾರಾಮೀಟರ್ ಆಫ್ ಮಾಡಿದರೆ ಸಾಕೆಂದು ಹಲವರು ತಿಳಿದಿದ್ದಾರೆ, ಸಾಲದು. ಹೊರಡುವ ಆದೇಶ ತಿರುಗಿಸಿ ಬಿಡುವ ಸೆಲೆಕ್ಟರ್ ಸ್ವಿಚ್‌ನಿಂದ ಬರುತ್ತಿದ್ದರೆ, ಸ್ವಿಚ್ ಆನ್‌ನಲ್ಲೇ ಉಳಿದಿರುವುದರಿಂದ ಕರೆಂಟ್ ಮರಳಿದಾಗ ಅನೇಕ ಡ್ರೈವ್‌ಗಳು ಅದನ್ನು ಹೊಸ ಆದೇಶವೆಂದೇ ಎಣಿಸಿ ಮೋಟರ್ ತಿರುಗಿಸುತ್ತವೆ. ಹಾಗಾಗಿ ಒತ್ತಿ ಬಿಡುವ ಸ್ಟಾರ್ಟ್ ಮತ್ತು ಸ್ಟಾಪ್ ಗುಂಡಿಗಳನ್ನೇ ಹಾಕಿ, ಕರೆಂಟ್ ಹೋದರೆ ಆದೇಶವೂ ಅಳಿದುಹೋಗಿ ಮನುಷ್ಯನೇ ಮತ್ತೆ ಒತ್ತಬೇಕಾಗುವಂತೆ ಮಾಡಿದೆ. ಹಳದಿ ತಳದ ಮೇಲಿನ ಕೆಂಪು ಎಮರ್ಜೆನ್ಸಿ ಗುಂಡಿ ಪಿಎಲ್‌ಸಿ ಪ್ರೋಗ್ರಾಂ ಅನ್ನು ಆಶ್ರಯಿಸದೆ ಸೇಫ್ಟಿ ರಿಲೇ ಮೂಲಕ ನೇರವಾಗಿ ಕರೆಂಟ್ ಕಡಿಯುತ್ತದೆ, ಸಂಪರ್ಕ ಸದಾ ಕೂಡಿರುವ ಬಗೆಯದು; ಅದರ ತಂತಿ ಎಲ್ಲಿ ಕಡಿದರೂ ಯಂತ್ರ ನಿಲ್ಲುತ್ತದೆ. ಗುಂಡಿಯನ್ನು ಹೊರಗೆಳೆದ ಮಾತ್ರಕ್ಕೆ ಹೊರಡುವುದಿಲ್ಲ, ರೀಸೆಟ್ ಆಗಬೇಕು, ಆಮೇಲೆ ಸ್ಟಾರ್ಟ್ ಒತ್ತಬೇಕು. ಇಷ್ಟಾದರೂ ಎಲಿವೇಟರ್‌ನ ತಳದ ಗುಂಡಿಯೊಳಗೆ ಕೈ ಹಾಕುವ ಮೊದಲು ಕರೆಂಟ್ ಕಡಿಯುವ ಐಸೋಲೇಟರ್ ಸ್ವಿಚ್‌ಗೆ ಬೀಗ ಬೀಳಲೇಬೇಕೆಂದು ಕೆಲಸಗಾರರನ್ನು ನಿಲ್ಲಿಸಿಕೊಂಡು, ಅವರ ಕೈಯಲ್ಲೇ ಬೀಗ ಹಾಕಿಸಿ ತೋರಿಸಿದೆ.

ಕರೆಂಟ್ ಕೊಡುವಾಗ ಮೊದಲು 24 ವೋಲ್ಟ್‌ನ ನಿಯಂತ್ರಣ ಭಾಗಕ್ಕೆ ಮಾತ್ರ ಕೊಟ್ಟು ಪ್ರತಿ ಗುಂಡಿ, ಪ್ರತಿ ಸೆನ್ಸರ್ ಸರಿಯಾದ ಇನ್‌ಪುಟ್‌ಗೆ ಬರುತ್ತಿದೆಯೇ ಎಂದು ನೋಡಿದೆ. ಬಳಿಕ ಬೆಲ್ಟ್ ಕಳಚಿದ ಮೋಟರನ್ನು ಕಡಿಮೆ ವೇಗದಲ್ಲಿ ತಿರುಗಿಸಿ ದಿಕ್ಕು ಪರೀಕ್ಷಿಸಿದೆ. ಒಳಬರುವ ಎರಡು ಫೇಸ್ ಬದಲಿಸಿದರೆ ದಿಕ್ಕು ಬದಲಾಗುವುದು ಹಳೆಯ ಸ್ಟಾರ್ಟರ್‌ನಲ್ಲಿ. ಡ್ರೈವ್ ಇದ್ದಾಗ ಹೊರಹೋಗುವ ಕಡೆಯೇ ಬದಲಿಸಬೇಕು.

ಪ್ಯಾನೆಲ್ ಒಪ್ಪಿಸುವ ದಿನ ಸರ್ಕ್ಯೂಟ್ ಚಿತ್ರವನ್ನೂ ಬರೆದಿಟ್ಟ ಪ್ಯಾರಾಮೀಟರ್‌ಗಳನ್ನೂ ಬಾಗಿಲ ಒಳಗಿನ ಚೀಲದಲ್ಲಿಟ್ಟು, ಕರೆಂಟ್ ಬರುವ ದಾರಿಗಳ ಪಟ್ಟಿಯನ್ನು ಹೊರಗೆ ಅಂಟಿಸಿದೆ: ಬೆಸ್ಕಾಂ ಮೇನ್, ಜನರೇಟರ್, ಕೆಪ್ಯಾಸಿಟರ್, ಕಿತ್ತಳೆ ತಂತಿಗಳು. ಬಾಗಿಲಿನ ಕೀಲಿ ವೈರ್‌ಮನ್ ಬಳಿ ಮಾತ್ರ. ಕೆಲವು ವಾರ ಗಿರಣಿ ಓಡಿದ ಮೇಲೆ ಬಿಸಿಯಾಗಿ ಆರುವುದರಿಂದಲೂ ಕಂಪನದಿಂದಲೂ ಸಡಿಲಾಗಿರಬಹುದಾದ ಟರ್ಮಿನಲ್‌ಗಳನ್ನು ಟಾರ್ಕ್ ಸ್ಕ್ರೂಡ್ರೈವರ್‌ನಿಂದ ಮತ್ತೆ ಬಿಗಿ ಮಾಡಲು ಹೋದಾಗ, ಬೀಗಗಳನ್ನು ಹಾಕಿದವರೂ ಡಿಸಿ ಟರ್ಮಿನಲ್‌ಗಳಿಗೆ ಮೀಟರ್ ಹಚ್ಚಿ ಅಂಕಿ ಓದಿ ಹೇಳಿದವರೂ ಆ ಹಿರಿಯ ವೈರ್‌ಮನ್ನರೇ.