ಕಾರಿನ ಸ್ಕ್ರೀನಲ್ಲಿ ಸೋಲಾರ್ ಚಾರ್ಜ್ ತೋರ್ಸೋದು ಹೇಗೆ, ಅದೂ ನಮ್ಮ ಮಲೆನಾಡಲ್ಲಿ

ಡಿಸೈನ್ ಆಮೇಲೆ, ಮೊದ್ಲು ಲೆಕ್ಕ ಹಾಕಿ. ಕಾರಿನ ಟಾಪ್ ಮೇಲೆ 200 ವ್ಯಾಟ್ ಪ್ಯಾನೆಲ್ ಹಿಡೀತು ಅಂತ ಇಟ್ಕೊಳ್ಳಿ (ಟೊಯೋಟಾ ಪ್ರಿಯಸ್ಸಿಂದೂ 180ರ ಆಸುಪಾಸು). ಮಾರ್ಚಲ್ಲಿ ಶಿವಮೊಗ್ಗ ಪೇಟೆಲಿ ಇಡೀ ದಿನ ಬಿಸ್ಲಿಗೆ ನಿಲ್ಸಿದ್ರೂ, ಪ್ಯಾನೆಲ್ ಕಾದು ಹೋಗೋದು, ಕನ್ವರ್ಟರಲ್ಲಿ (ಪ್ಯಾನೆಲ್ ಕರೆಂಟನ್ನ ಬ್ಯಾಟ್ರಿಗೆ ಹೊಂದಿಸೋ ಪೆಟ್ಟಿಗೆ) ಹೋಗೋದು ಎಲ್ಲ ಕಳೆದು ಮುಕ್ಕಾಲು ಯೂನಿಟ್ ಬಂದ್ರೆ ಹೆಚ್ಚು. ಸಣ್ಣ ಇವಿ (ಎಲೆಕ್ಟ್ರಿಕ್ ಕಾರು) ಯೂನಿಟ್ಟಿಗೆ 8 ಕಿಮೀ ಓಡಿದ್ರೆ, ಸಿಕ್ಕಿದ್ದು 6 ಕಿಮೀ. ಪೇಟೆಗೆ ಹೋಗಿ ತರ್ಕಾರಿ ತರೋವಷ್ಟು.

ಹಂಗಾಗಿ ಸ್ಕ್ರೀನಲ್ಲಿ ದೊಡ್ಡದಾಗಿ ಇರ್ಬೇಕಾದ್ದು ಕಿಮೀ, ವ್ಯಾಟ್ ಅಲ್ಲ. ನಾನು ಮೊದ್ಲು ಮಾಡಿದ್ರಲ್ಲಿ 184 ವ್ಯಾಟ್ ಅಂತ ಮೀಟರ್ ತರ ಹಾಕಿದ್ದೆ, ನಮ್ಮ ಭಾವ ನೋಡಿ "ಇದು ಜಾಸ್ತಿನೋ ಕಮ್ಮಿನೋ ಮಾರಾಯ" ಅಂದ್ರು, ಅಲ್ಲಿಗೆ ಅದು ಬಿತ್ತು. "ಇವತ್ತು ಬಿಸ್ಲಿಂದ 4 ಕಿಮೀ" ಅಂತ ಒಂದೇ ಸಾಲು ಸಾಕು. ದಶಮಾಂಶ ಬೇಡ, ಅಷ್ಟು ನಿಖರ ಲೆಕ್ಕ ನಿಮ್ಮ ಸೆನ್ಸರ್ ಹತ್ರನೂ ಇರಲ್ಲ.

ಓಡ್ಸುವಾಗ ಇಷ್ಟೇ ಕಾಣ್ಲಿ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಒಂದ್ಸಲ ಸ್ಕ್ರೀನ್ ನೋಡಿದ್ರೆ ಕಣ್ಣು 2 ಸೆಕೆಂಡ್ ಒಳಗೆ ರಸ್ತೆಗೆ ವಾಪಸ್ ಬರ್ಬೇಕು. ಗಂಟೆಗೆ 60ರಲ್ಲಿ ಹೋಗ್ತಿದ್ರೆ 2 ಸೆಕೆಂಡಲ್ಲಿ 33 ಮೀಟರ್ ದಾಟಿರುತ್ತೆ, ಆಗುಂಬೆ ಘಾಟಿ ತಿರುವಲ್ಲಿ ಅಷ್ಟು ಜಾಗ ಎಲ್ಲಿದೆ? ಗ್ರಾಫು, ವಾರದ ಲೆಕ್ಕ, ಪ್ಯಾನೆಲ್ ಬಿಸಿ ಇವೆಲ್ಲ ಗಾಡಿ ನಿಲ್ಸಿದ್ಮೇಲೆ ತೆರ್ಕೊಳ್ಲಿ.

ಘಾಟಿ ಅಂದ್ಕೂಡ್ಲೇ ನೆನಪಾಯ್ತು, ಇಳಿಜಾರಲ್ಲಿ ಆಕ್ಸಲರೇಟರ್ ಬಿಟ್ರೆ ಮೋಟಾರಿಂದ ಬ್ಯಾಟ್ರಿಗೆ ವಾಪಸ್ ಬರೋ ಕರೆಂಟ್ ಇರುತ್ತಲ್ಲ ಅದು ಕಿಲೋವ್ಯಾಟ್ ಲೆಕ್ಕದ್ದು, ಸೋಲಾರ್ ಅದ್ರ ಮುಂದೆ ಆನೆ ಪಕ್ಕದ ಇರುವೆ. ಎರಡನ್ನೂ ಒಂದೇ ಗ್ರಾಫಲ್ಲಿ ಹಾಕಿದ್ರೆ ಸೋಲಾರ್ ಗೆರೆ ತಳಕ್ಕೆ ಅಂಟ್ಕೊಂಡು ಪ್ಯಾನೆಲ್ ಕೆಟ್ಟೋಗಿದೆ ಅನ್ಸುತ್ತೆ. ಎರಡನ್ನೂ ಕೂಡ್ಸಿ "ಗಳಿಕೆ" ಅಂತ ತೋರ್ಸೋದಂತೂ ಸುಳ್ಳು, ಯಾಕಂದ್ರೆ ಇಳಿಯುವಾಗ ಬರೋದು ನೀವು ಹತ್ತುವಾಗ ಖರ್ಚು ಮಾಡಿದ್ದೇ.

ಇನ್ನೊಂದು ನಮ್ಮೂರ ಸಮಸ್ಯೆ ಮರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗ್ತಾ ಬಿಸ್ಲು ನೆರಳು ಬಿಸ್ಲು ನೆರಳು, ಪ್ರತಿ ಸೆಕೆಂಡಿನ ವ್ಯಾಟ್ ಅಂಕಿ ತೋರ್ಸಿದ್ರೆ 150, 20, 170 ಅಂತ ಕುಣಿಯುತ್ತೆ, ಕುಣಿಯೋ ಅಂಕಿ ಕಣ್ಣು ಎಳೆಯುತ್ತೆ. ಒಳಗೆ ಸೆಕೆಂಡ್ ಸೆಕೆಂಡಿಗೂ ಅಳೀರಿ, ತೋರ್ಸೋದು ಐದು ನಿಮಿಷದ ಸರಾಸರಿ, ಅದೂ ಗಾಡಿ ನಿಲ್ಸಿದ್ಮೇಲೆ ತೆರ್ಕೊಳ್ಳೋ ಗ್ರಾಫಲ್ಲಿ.

ಮಳೆಗಾಲಕ್ಕೆ ಬೇರೆನೇ ಯೋಚ್ನೆ ಬೇಕು. ಜುಲೈಲಿ ದಿನಗಟ್ಲೆ ಸೂರ್ಯ ಕಾಣದ ಊರಲ್ಲಿ ಬರೀ 0 ತೋರ್ಸಿದ್ರೆ ಜನ ಸೀದಾ ಮೆಕ್ಯಾನಿಕ್ ಹತ್ರ ಹೋಗ್ತಾರೆ. "ಮೋಡ ಇರೋದ್ರಿಂದ ಕಮ್ಮಿ", "ಪ್ಯಾನೆಲ್ ಸರಿ ಇದೆ", "ವೈರ್ ಕಿತ್ತಿದೆ", ಈ ಮೂರಕ್ಕೂ ಬೇರೆ ಬೇರೆ ಚಿತ್ರ, ಬೇರೆ ಮಾತು ಬೇಕು. ಬರೀ ಕೆಂಪು ಹಸಿರು ನಂಬ್ಬೇಡಿ, ಆ ಎರಡು ಬಣ್ಣದ ವ್ಯತ್ಯಾಸ ಕಾಣದ ಗಂಡಸರು ನೀವಂದ್ಕೊಂಡಷ್ಟು ಕಮ್ಮಿ ಇಲ್ಲ.

ನಿಲ್ಸಿದಾಗ ಒಂದು ಮಾತು ಹೇಳೋ ಹಂಗಿದ್ರೆ ಇದನ್ನ ಹೇಳ್ಸಿ: "ಇಲ್ಲಿ ನೆರಳಿದೆ, ಬಿಸ್ಲಿಗೆ ನಿಲ್ಸಿದ್ರೆ ಸಂಜೆಗೆ ಇನ್ನೂ 3 ಕಿಮೀ". ಜೊತೆಗೇ ಒಳಗೆ ಕಾವ್ಲಿ ಆಗುತ್ತೆ ಅಂತಲೂ ಹೇಳ್ಸಿ, ಏಸಿ ಹಾಕಿ ತಣ್ಣಗೆ ಮಾಡೋಕೆ ಆ ಕರೆಂಟಲ್ಲಿ ಒಂದು ಪಾಲು ಹೋಗೇ ಹೋಗುತ್ತೆ.

ಕೊನೆಗೆ ಅಕ್ಷರ. ಇಂಗ್ಲಿಷ್ ಸ್ಕ್ರೀನಿನ ಸಾಲಿನ ಎತ್ತರ ಹಂಗೇ ಇಟ್ಟು ಕನ್ನಡ ತುಂಬಿದ್ರೆ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತೆ. "ಬ್ಯಾಟ್ರಿ", "ಕಮ್ಮಿ" ಅಂತ ಟೈಪ್ ಮಾಡಿ, ಮಧ್ಯಾಹ್ನ 12ಕ್ಕೆ ಕಿಟಕಿಯಿಂದ ಬಿಸ್ಲು ಸ್ಕ್ರೀನ್ ಮೇಲೆ ಬೀಳೋ ಹಂಗೆ ಕಾರ್ ನಿಲ್ಸಿ ಓದಿ ನೋಡಿ. ಆಫೀಸಲ್ಲಿ ಫ್ಯಾನ್ ಕೆಳಗೆ ಕೂತು ನೋಡಿದ್ದು ಲೆಕ್ಕಕ್ಕಿಲ್ಲ.